ಗೆರೆ ಅಳಿಯದ ಗಾಲಿ

ದೆವ್ವ, ಪವಾಡ ಇವನ್ನೆಲ್ಲ ನಾನು ಯಾವತ್ತೂ ನಂಬಿದವನಲ್ಲ. ಈಗ ನಂಬುತ್ತೇನೆಂದೂ ಹೇಳಲಾರೆ. ನಮ್ಮ ಮನೆತನದಲ್ಲಿ ಮೊದಲು ಶಾಲೆಯ ಮೆಟ್ಟಿಲು ಹತ್ತಿದವನು ನಾನು. ಹೈದರಾಬಾದಿಗೆ ಹೋಗಿ, ಉರ್ದುವಿನಲ್ಲಿ ಭೌತಶಾಸ್ತ್ರ ಓದಿ ಪದವಿ ತಂದವನೂ ನಾನೇ. ಅಪ್ಪ ಶಹಾಬಾದಿನ ಖಣಿಯಲ್ಲಿ ಕಲ್ಲು ಸೀಳಿ, ಅಣ್ಣ ಲಾರಿ ಹೊಡೆದು ನನ್ನನ್ನು ಓದಿಸಿದರು. ಸುಮ್ಮನೆ ಬಂದ ವಿದ್ಯೆಯಲ್ಲ ಅದು. ಅದರ ಬಗ್ಗೆ ಆಗಲೂ ನನಗೆ ಅಭಿಮಾನವಿತ್ತು, ಈಗಲೂ ಇದೆ. ಆದ್ದರಿಂದ ಮುಂದಿನದನ್ನು ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಗುತ್ತಿದ್ದೆ.

ದೊಡ್ಡ ಯುದ್ಧ ಮುಗಿದ ಮೇಲಿನ ಬೇಸಿಗೆ. ಟೈರು ಸಿಗದೆ ಅಣ್ಣನ ಲಾರಿ ಎಷ್ಟೋ ತಿಂಗಳಿಂದ ಕಲ್ಲುಗಳ ಮೇಲೆ ಕುಳಿತಿತ್ತು. ಕೊನೆಗೆ ಮಿಲಿಟರಿಯವರು ಹರಾಜಿಗೆ ಬಿಟ್ಟ ನಾಲ್ಕು ದೊಡ್ಡ ಟೈರು, ಚಕ್ರಸಮೇತ, ಅವನ ಕೈಗೆ ಬಂದವು. ಹಳೆಯವಕ್ಕಿಂತ ಎತ್ತರ, ಹಿಂದೆ ಎರಡೆರಡು ಇದ್ದ ಕಡೆ ಒಂದೊಂದೇ ಸಾಕು ಎನ್ನುವಷ್ಟು ದಪ್ಪ.

ಅವು ಬಂದ ಹೊತ್ತಿಗೆ ಅತ್ತಿಗೆಗೆ ದಿನ ತುಂಬುತ್ತ ಬಂದಿತ್ತು. ಮೊದಲಿನ ಎರಡು ಹೆರಿಗೆ ನಮ್ಮ ಮನೆಯಲ್ಲೇ ಆಗಿದ್ದವು. ಎರಡೂ ಕೂಸು ಉಳಿದಿರಲಿಲ್ಲ. ಚಿಂಚೋಳಿಯ ಆಚೆಯ ಹಳ್ಳಿಯೊಂದರಲ್ಲಿ ಅವಳ ತಾಯಿ ಹೆಸರಾದ ಸೂಲಗಿತ್ತಿ. ಈ ಸಲ ಹೇಗಾದರೂ ಅಲ್ಲಿಗೆ ಮುಟ್ಟಿಸಬೇಕಿತ್ತು. ಎತ್ತಿನ ಗಾಡಿಯಲ್ಲಿ ಅಷ್ಟು ದೂರ ಕುಲುಕಿಸಿಕೊಂಡು ಹೋಗುವುದು ಬೇಡವೆಂದು ಹಿರಿಯ ಹೆಂಗಸರೆಲ್ಲ ಹೇಳಿದ್ದರು. ಉಳಿದದ್ದು ಲಾರಿ.

ತೊಡಕು ಬಂದದ್ದು ಗಾಳಿಯದು.

“ಟೈರು ದೊಡ್ಡವಾದ್ರ ಗಾಳಿನೂ ಬಿರಸಾಗಿ ಹೊಡೀಬೇಕಲ್ಲೇನೋ ತಮ್ಮಾ?” ಎಂದ ಅಣ್ಣ.

ಇಲ್ಲ ಎಂದೆ. ದೊಡ್ಡ ಟೈರಿನಲ್ಲಿ ಹೆಚ್ಚು ಗಾಳಿ ಹಿಡಿಯುತ್ತದೆ, ಆದರೆ ಅದೇ ಭಾರ ಹೊರಲು ಒತ್ತಡ ಕಡಿಮೆ ಸಾಕು. ಟೈರು ಅಗಲವಾದಷ್ಟೂ ಭಾರ ಹೆಚ್ಚು ನೆಲಕ್ಕೆ ಹಂಚಿಹೋಗುತ್ತದೆ. ಟೈರಿನ ಮೈಮೇಲೆ ಅಚ್ಚೊತ್ತಿದ ಅಂಕಿ ಅದು ತಾಳುವ ಮಿತಿಯೇ ಹೊರತು ನಾವು ತುಂಬಬೇಕಾದ ಅಳತೆಯಲ್ಲ. ಬಿರುಸಾಗಿ ತುಂಬಿದರೆ ಲಾರಿ ಕಲ್ಲುಕಲ್ಲಿಗೂ ಪುಟಿಯುತ್ತದೆ, ಬಸುರಿ ತಾಳುವುದಿಲ್ಲ. ತೀರ ಇಳಿಸಿದರೆ ಟೈರು ಮಡಚಿ ಮಡಚಿ ಕಾದು, ಆ ಬಿಸಿಲಿನಲ್ಲಿ, ಮನೆ ಮಠ ಇಲ್ಲದ ಕಡೆ ಒಡೆಯುತ್ತದೆ. ಇವೆರಡರ ನಡುವಿನ ಅಳತೆಯನ್ನು ಹುಡುಕಬೇಕು.

ಹುಡುಕುವ ದಾರಿಯೂ ನನಗೆ ಗೊತ್ತಿತ್ತು. ಪ್ರತಿ ಟೈರಿಗೂ ನೆಲ ಮುಟ್ಟುವ ಕಡೆ ಸೀಮೆಸುಣ್ಣದಿಂದ ಅಡ್ಡ ಒಂದು ದಪ್ಪ ಗೆರೆ ಎಳೆದು, ಸ್ವಲ್ಪ ದೂರ ಓಡಿಸಿ ನೋಡುವುದು. ನಡುವೆ ಮಾತ್ರ ಅಳಿದಿದ್ದರೆ ಗಾಳಿ ಹೆಚ್ಚು, ಎರಡು ಅಂಚಿನಲ್ಲಿ ಮಾತ್ರ ಅಳಿದಿದ್ದರೆ ಕಡಿಮೆ, ಉದ್ದಕ್ಕೂ ಸಮನಾಗಿ ಅಳಿದಿದ್ದರೆ ಸರಿ. ಲಾರಿ ಹಗುರಾಗಿ ಪುಟಿಯದಿರಲೆಂದು ಹಿಂದೆ ಒಂದಿಷ್ಟು ಹಾಸುಗಲ್ಲು ಹೇರಿಕೊಂಡು ಬೆಳಿಗ್ಗೆ ನಾವಿಬ್ಬರೇ ವಾಡಿಯ ದಾರಿ ಹಿಡಿದೆವು. ಅಲ್ಲಲ್ಲಿ ನಿಲ್ಲಿಸಿ, ಗಾಳಿ ಇಳಿಸಿ, ಮತ್ತೆ ಗೆರೆ ಎಳೆದೆವು. ವಾಡಿ ಬರುವಷ್ಟರಲ್ಲಿ ಮೂರು ಗಾಲಿಗಳ ಗೆರೆ ಅಂಚಿನಿಂದ ಅಂಚಿಗೆ ಸಮನಾಗಿ ಅಳಿದಿತ್ತು. ಮುಂದಿನ ಎಡಗಾಲಿಯ ಗೆರೆ ಮಾತ್ರ ಈಗತಾನೆ ಎಳೆದಂತೆ ಬೆಳ್ಳಗಿತ್ತು.

“ಮಸ್ಕಿರಿ ಸಾಕು. ನಾ ಇಳಿಯೂದ್ರಾಗ ಮತ್ತ ಹೊಡ್ದಿ ಹೌದಿಲ್ಲೋ ಗೆರಿ?” ಎಂದ ಅಣ್ಣ. ಅವನೇ ಎಳೆದಿರಬೇಕೆಂದು ನನ್ನ ಗುಮಾನಿ.

ಅದನ್ನು ಒದ್ದೆ ಬಟ್ಟೆಯಿಂದ ಒರೆಸಿ ಹೊಸ ಗೆರೆ ಎಳೆದೆ; ಹೋಲಿಸಿ ನೋಡಲೆಂದು ಮುಂದಿನ ಬಲಗಾಲಿಗೂ ಒಂದು ಎಳೆದೆ. ಅಣ್ಣ ನಿಧಾನ ಓಡಿಸಿದ. ನಾನು ಗಾಲಿಯ ಮಗ್ಗುಲಲ್ಲೇ ನಡೆದೆ. ಗೆರೆ ಕೆಳಗೆ ಹೋಗುತ್ತಿತ್ತು, ಮೇಲೆ ಬರುತ್ತಿತ್ತು, ಹಾಗೇ ಬೆಳ್ಳಗೆ. ಗಾಲಿ ನೆಲಕ್ಕೆ ಒತ್ತಿ ತಿರುಗುತ್ತಿದ್ದುದನ್ನು ನನ್ನ ಕಣ್ಣಾರೆ ಕಂಡೆ. ಧೂಳಿನಲ್ಲಿ ಅದರ ಹಲ್ಲಿನ ಗುರುತೂ ಬೀಳುತ್ತಿತ್ತು. ಬಲಗಾಲಿಯ ಜಾಡಿನಲ್ಲಿ ಪ್ರತಿ ಸುತ್ತಿಗೊಮ್ಮೆ ಸುಣ್ಣದ ಮಸಕು ಪಟ್ಟಿ ಕಾಣುತ್ತಿತ್ತು. ಎಡಗಾಲಿಯ ಜಾಡಿನಲ್ಲಿ ಬರೀ ಧೂಳು. ನಿಲ್ಲಿಸಿ ಮುಟ್ಟಿ ನೋಡಿದೆವು. ಮೂರು ಟೈರು ಕೈ ಇಡಲಾರದಷ್ಟು ಕಾದಿದ್ದವು. ಇದು ನೀರಿನ ಕೊಡದ ಹೊಟ್ಟೆಯಂತೆ ತಣ್ಣಗಿತ್ತು.

ಲಾರಿ ತಿರುಗಿಸಿಕೊಂಡು ಮನೆಗೆ ಬಂದೆವು. ಅತ್ತಿಗೆ ಗಂಟು ಕಟ್ಟಿಕೊಂಡು ಬಾಗಿಲಲ್ಲೇ ನಿಂತಿದ್ದಳು.

“ಇಬ್ರೂ ಹಿಂಗ್ಯಾಕ ಮಾರಿ ಮಾಡೀರಿ? ಲಾರಿ ಯಾರಿಗ್ಯರ ಹಾಯಿಸಿ ಬಂದೀರೇನು?”

ಅಣ್ಣ ಇದ್ದದ್ದನ್ನು ಹೇಳಿಬಿಟ್ಟ. ನಾಳೆ ನೋಡೋಣವೆಂದೂ ಸೇರಿಸಿದ. ಅವಳು ಒಂದು ಕೈಯಲ್ಲಿ ಹೊಟ್ಟೆಯನ್ನು ಹಿಡಿದುಕೊಂಡೇ ನಕ್ಕಳು. “ನೆಲಕ್ಕ ಹತ್ತಲಾರ್ದ ಗಾಲಿ ಪಂಚರ್ ಆಗಂಗಿಲ್ಲಲ್ಲ, ಚಲೋನೇ ಆತು. ನಾಳೆ ಗೀಳೆ ಅನಬ್ಯಾಡ್ರಿ. ನಿಮ್ಮ ಗಾಲಿ ನೆಲಾ ಮುಟ್ಲಿ ಬಿಡ್ಲಿ, ನಾ ನಮ್ಮವ್ವನ ಮನಿ ಮುಟ್ಬೇಕು.” ಬೆಳಗಿನಿಂದ ಅವಳಿಗೆ ಸೊಂಟ ಹಿಡಿಯುತ್ತಿತ್ತೆಂದು ಅಮ್ಮ ನನ್ನನ್ನು ಒಳಗೆ ಕರೆದು ಹೇಳಿದಳು. ಇನ್ನು ತಡಮಾಡುವಂತಿರಲಿಲ್ಲ.

ಅಣ್ಣ ಪಂಪು ಹಿಡಿದು ಆ ಗಾಲಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತ. “ಓದಿದಂವ ನೀನು. ಹೇಳು, ಇದಕ್ಕ ಗಾಳಿ ಹಾಕ್ಲ್ಯೋ, ತೆಗೀಲ್ಯೋ?”

ಓದಿದ್ದನ್ನೆಲ್ಲ ನೆನೆಸಿಕೊಂಡೆ. ನೆಲ ಮುಟ್ಟದೆ ಭಾರ ಹೊರುವ ಗಾಲಿಗೆ ಎಷ್ಟು ಒತ್ತಡವಿರಬೇಕೆಂದು ಯಾವ ಪುಸ್ತಕದಲ್ಲೂ ಇರಲಿಲ್ಲ. ಅವನು ನನ್ನ ಮುಖವನ್ನೇ ನೋಡುತ್ತಿದ್ದ.

“ಇದ್ದಂಗ ಇರ್ಲಿ” ಎಂದೆ.

ಅತ್ತಿಗೆ ಮುಂದೆ ಅಣ್ಣನ ಎಡಕ್ಕೆ ಕುಳಿತಳು, ಸರಿಯಾಗಿ ಆ ಗಾಲಿಯ ಮೇಲೆ. ನಾನು ಹಿಂದೆ ಕಲ್ಲುಗಳ ಮೇಲೆ. ಚಿತ್ತಾಪುರ ದಾಟಿ ಕಾಳಗಿಯ ದಾರಿ ಹಿಡಿದ ಮೇಲೆ ರಸ್ತೆಯೆಂಬುದು ಹೆಸರಿಗೆ ಮಾತ್ರ. ಗಾಡಿಗಳು ಕೊರೆದ ಕೊರಕಲು, ಎದ್ದ ಕಲ್ಲು. ಪ್ರತಿ ಕುಲುಕಿಗೂ ನನ್ನ ಹಲ್ಲು ಕಟಕಟ ಅನ್ನುತ್ತಿದ್ದವು, ನನಗೆ ಅವಳದೇ ಚಿಂತೆ. ಸುಲೇಪೇಟದಲ್ಲಿ ನೀರಿಗೆ ನಿಲ್ಲಿಸಿದಾಗ ಇಣುಕಿ ನೋಡಿದರೆ ಬಾಗಿಲಿಗೆ ತಲೆ ಆನಿಸಿ ನಿದ್ದೆ ಮಾಡುತ್ತಿದ್ದಳು.

ಹೊತ್ತು ಮುಳುಗುವ ಮೊದಲು ಅವಳ ತಾಯಿಯ ಮನೆ ಮುಟ್ಟಿದೆವು. ಅಣ್ಣ ಸೊಂಟ ನೀವಿಕೊಳ್ಳುತ್ತ ಇಳಿದ. ಅತ್ತಿಗೆ ತಾಯಿಯ ಕೈ ಹಿಡಿದು ಇಳಿದು, ನಮ್ಮ ಕಡೆ ತಿರುಗಿ ಕೇಳಿದಳು: “ರಸ್ತಾ ಯಾವಾಗ ಇಷ್ಟು ಚಲೋ ಮಾಡ್ಸ್ಯಾರ? ಒಂದು ಕುಲುಕೂ ಹತ್ಲಿಲ್ಲ ನೋಡ್ರಿ!”

ನಾನು ಎಡಗಾಲಿಯ ಹತ್ತಿರ ಹೋದೆ. ಬಗ್ಗಿ ನೋಡಿದೆ. ಗೆರೆ ಹಾಗೇ ಇತ್ತು.

ಅದೇ ರಾತ್ರಿ ಹೆಣ್ಣು ಕೂಸು ಹುಟ್ಟಿತು, ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡು. ದಾರಿಯಲ್ಲಿ ಆಗಿದ್ದರೆ ನಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ. ಸೂಲಗಿತ್ತಿಯ ಕೈಯಲ್ಲಿತ್ತು, ಕೂಸು ಉಳಿಯಿತು. ಮರುದಿನ ನಾವಿಬ್ಬರೇ ಹಿಂದಿರುಗಿದೆವು. ಕಾಳಗಿಯಲ್ಲಿ ಇಳಿದು ನೋಡಿದರೆ ಗೆರೆ ಅಂಚಿನಿಂದ ಅಂಚಿಗೆ ಅಳಿದುಹೋಗಿತ್ತು; ಟೈರು ಉಳಿದವುಗಳಂತೆ ಸುಡುತ್ತಿತ್ತು. ಗಾಳಿಯನ್ನು ನಾವು ಮುಟ್ಟಿರಲೇ ಇಲ್ಲ. ಮುಂದೆ ಆ ಟೈರು ಎಲ್ಲ ಟೈರುಗಳಂತೆ ಸವೆದು ಬೋಳಾಯಿತು.

ಕೂಸಿನ ಸಲುವಾಗಿ ದೇವರೇ ಗಾಲಿಯನ್ನು ಎತ್ತಿ ಹಿಡಿದಿದ್ದ ಎಂದು ಅಮ್ಮ ಹೇಳುತ್ತಿದ್ದಳು. ಹಾಗಾದರೆ ಬೆಳಿಗ್ಗೆ ವಾಡಿಯ ದಾರಿಯಲ್ಲಿ? ಆಗ ಅತ್ತಿಗೆ ಲಾರಿಯಲ್ಲಿ ಇರಲೇ ಇಲ್ಲ. ಸುಣ್ಣವೇ ಅಂಥದ್ದಿರಬೇಕು ಎಂದು ನನ್ನ ಜೊತೆ ಓದಿದವರು ಹೇಳಿದರು. ಅದೇ ಸುಣ್ಣ ಉಳಿದ ಮೂರು ಗಾಲಿಗಳ ಮೇಲೂ ಇತ್ತು. ಎರಡು ಮಾತೂ ನನಗೆ ಸಾಲುವುದಿಲ್ಲ, ಮೂರನೆಯದು ನನ್ನಲ್ಲಿಲ್ಲ.

ಗಾಲಿಯದಾದರೂ ಬಿಡಿ. ಎರಡು ಜೀವ ನನ್ನ ಒಂದು ಮಾತಿನ ಮೇಲೆ ನಿಂತಿದ್ದಾಗ, ಹಾಕಬೇಡ, ತೆಗೆಯಬೇಡ ಎಂದವನು ನಾನು. ಯಾವುದನ್ನೂ ಲೆಕ್ಕ ಹಾಕದೆ ಹೇಳದ ನಾನು ಅದನ್ನೇ ಯಾಕೆ ಹೇಳಿದೆ? ಬೇರೆ ಹೇಳಿದ್ದರೆ ಏನಾಗುತ್ತಿತ್ತು? ನನಗೆ ಗೊತ್ತಿಲ್ಲ.