ಗ್ಯಾರೇಜಿನ ಒಲೆ

ಬಸಲಿಂಗವ್ವ ಪರದೇಶದ ಜಾನ್ಸನ್‌ವಿಲ್‌ನ ಮಗನ ಮನೆಗೆ ಬಂದ ದಿನದಿಂದ ಅಲ್ಲಿಯ ಅಡುಗೆಮನೆಯಲ್ಲಿ ಕೋಳಿ ಬೇಯುವುದು ನಿಂತಿತು. ಅಡುಗೆಮನೆಯಲ್ಲಿ ಮಾತ್ರ. ಗ್ಯಾರೇಜಿನಲ್ಲಿ, ಕಾರಿನ ಪಕ್ಕಕ್ಕೆ, ಒಂದು ಕರೆಂಟಿನ ಒಲೆ, ಎರಡು ಪಾತ್ರೆ, ಒಂದು ಹಳೆಯ ಫ್ರಿಜ್ಜು ಬಂದು ಕೂತವು. ಪ್ರತಿ ಶನಿವಾರ ಮಗ ಕಲ್ಲೇಶ, ಸೊಸೆ ಮಯೂರಿ, ಮೊಮ್ಮಗಳು ವಚನಾ ಮೂವರೂ ಕಾರು ತೊಳೆಯುವ ನೆಪ ಹೇಳಿ ಅಲ್ಲಿ ಸೇರುತ್ತಿದ್ದರು. ಕಾರು ಮಾತ್ರ ಎರಡು ವರ್ಷವಾದರೂ ಹೊಲಸಾಗಿಯೇ ಇತ್ತು. ಬಸಲಿಂಗವ್ವನಿಗೇನು ಮೂಗಿಲ್ಲವೇ? ಎಲ್ಲ ಗೊತ್ತಿದ್ದೂ ಸುಮ್ಮನಿದ್ದಳು. ಅಷ್ಟು ಕಷ್ಟಪಟ್ಟು ಮುಚ್ಚಿಡುವುದೂ ಒಂದು ಮರ್ಯಾದೆಯೇ ಎಂದುಕೊಂಡಿದ್ದಳು.

ಹದಿಮೂರು ವರ್ಷದ ವಚನಾಗೆ ಮಾತ್ರ ಸಿಟ್ಟು. ಆಯಿಯ, ಅಂದರೆ ಅಜ್ಜಿಯ, ದೆಸೆಯಿಂದ ಚಳಿಯಲ್ಲಿ ಕೂತು ಉಣ್ಣಬೇಕಲ್ಲ! ಆಯಿ ಬಡಿದ ರೊಟ್ಟಿಯನ್ನು ಆಕೆ ಮುಟ್ಟದೆ ವರ್ಷವಾಗಿತ್ತು. ಬಸಲಿಂಗವ್ವನಿಗೆ ಅದೇ ಕೊರಗು. ತನ್ನ ಕೈಯಿಂದ ಈ ಹುಡುಗಿ ಒಂದು ಹೊತ್ತು ಹೊಟ್ಟೆ ತುಂಬ ಉಂಡರೆ ಸಾಕೆಂದು ದಿನಾ ಪೂಜೆಯಲ್ಲಿ ಬೇಡಿಕೊಳ್ಳುತ್ತಿದ್ದಳು.

ಅಲ್ಲಿ ಜುಲೈಯೆಂದರೆ ಚಳಿಗಾಲ; ಆ ಜುಲೈಯಲ್ಲಿ ವಚನಾ ಜ್ವರ ಬಂದು ಮಲಗಿದಳು. ಮೂರು ದಿನ ಏನೂ ತಿನ್ನಲಿಲ್ಲ. ನಾಲ್ಕನೆಯ ದಿನ ಮಗ, ಸೊಸೆ ಕೆಲಸಕ್ಕೆ ಹೋದ ಮೇಲೆ ಬಸಲಿಂಗವ್ವ ಹಾಸಿಗೆಯ ಬಳಿ ಕೂತಳು.

"ಏನ್ ಬೇಕವಾ ನಿನಗ? ಹೇಳು, ಮಾಡಿಕೊಡ್ತೀನಿ."

"ಮೆಕ್ಸಿಕನ್ ಚಿಕನ್ ಸೂಪ್. ಬಟ್ ಯು ವೋಂಟ್ ಮೇಕ್ ಇಟ್, ಆಯಿ," ಎಂದು ವಚನಾ ಗೋಡೆಯ ಕಡೆ ತಿರುಗಿದಳು.

ಇಂಗ್ಲಿಷು ಅಷ್ಟಾಗಿ ಬಾರದಿದ್ದರೂ ಆ ದನಿ ಅರ್ಥವಾಯಿತು. ಬಸಲಿಂಗವ್ವ ಅವಳ ಫೋನಿನಲ್ಲೇ ಸೂಪಿನ ವಿಡಿಯೊ ಹಾಕಿಸಿಕೊಂಡು ನೋಡಿದಳು. ಉಳ್ಳಾಗಡ್ಡಿ, ಬಳ್ಳೊಳ್ಳಿ, ಟೊಮ್ಯಾಟೊ, ಜೀರಿಗೆ, ಒಣಮೆಣಸಿನಕಾಯಿ, ಗೋವಿನಜೋಳ, ಕೊತ್ತಂಬರಿ, ಲಿಂಬೆ. ಕೋಳಿಯೊಂದನ್ನು ಬಿಟ್ಟರೆ ಎಲ್ಲವೂ ತನ್ನ ಊರಿನ ಸಂತೆಯ ಸಾಮಾನೇ! ಧೈರ್ಯ ಬಂತು.

ಗ್ಯಾರೇಜಿಗೆ ಹೋಗಿ, ಎದೆಯ ಮೇಲಿದ್ದ ಲಿಂಗದ ಕರಡಿಗೆಯನ್ನು ಬೆನ್ನಿಗೆ ಸರಿಸಿಕೊಂಡು, ಅರವತ್ತೇಳು ವರ್ಷಗಳಲ್ಲಿ ಮೊದಲ ಸಲ ಮಾಂಸ ಮುಟ್ಟಿದಳು. ಮುಖ ಆಚೆ ತಿರುಗಿಸಿಕೊಂಡೇ ಫ್ರಿಜ್ಜಿನ ತುಂಡುಗಳನ್ನು ಪಾತ್ರೆಗೆ ಹಾಕಿ ಕುದಿಯಲಿಟ್ಟಳು. ಕುದಿಯುವಾಗ ಬೂದು ನೊರೆ ಉಕ್ಕಿತು. ಈ ಹೊಲಸನ್ನು ಜ್ವರದ ಕೂಸಿಗೆ ಕೊಡುವುದುಂಟೇ ಎಂದು ಆ ನೀರನ್ನೆಲ್ಲ ಹೊರಗಿನ ಮೋರಿಗೆ ಬಸಿದಳು. ತುಂಡುಗಳನ್ನು ಬಿಸಿನೀರಿನಲ್ಲಿ ಮೂರು ಸಲ ತೊಳೆದು, ಎಳೆಎಳೆಯಾಗಿ ಬಿಡಿಸಿ, ಹೊಸ ನೀರು ಹೊಯ್ದು, ಉಳಿದ ಸಾಮಾನನ್ನು ಚೂರುಚೂರೇ ಹಾಕಿ ಮತ್ತೆ ಕುದಿಸಿದಳು. ಉಪ್ಪು ಕಣ್ಣಳತೆಯಲ್ಲಿ ಬಿತ್ತು. ರುಚಿ ನೋಡುವ ಮಾತೇ ಇರಲಿಲ್ಲ.

ಬಟ್ಟಲು ಕಂಡು ವಚನಾ ಎದ್ದು ಕೂತಳು. "ಯು ಮೇಡ್ ಇಟ್?" ಎಂದು ಆಯಿಯ ಮುಖವನ್ನೇ ನೋಡಿದಳು. ಬಸಲಿಂಗವ್ವನ ಒಂದು ವರ್ಷದ ಕೊರಗು ಆ ಒಂದು ನೋಟಕ್ಕೆ ಇಳಿಯಿತು. ವಚನಾ ಒಂದು ಚಮಚ ಕುಡಿದಳು. ಎರಡನೆಯದನ್ನು ಎತ್ತಲಿಲ್ಲ.

"ಇಟ್ಸ್ ಜಸ್ಟ್ ಹಾಟ್ ವಾಟರ್, ಆಯಿ."

ಸಂಜೆ ಮಯೂರಿ ಪಾತ್ರೆಯ ಮುಚ್ಚಳ ತೆಗೆದು ನೋಡಿದಳು. "ಅತ್ತೀ, ಕೋಳಿ ಕುದಿಸಿದ ನೀರು ಎಲ್ಲೈತ್ರಿ?"

"ಹೊಲಸಿತ್ತು. ಚೆಲ್ಲಿದೆ."

"ಅಯ್ಯ, ಸೂಪ್ ಅಂದ್ರ ಅದ ನೀರ್ರೀ!" ಮಯೂರಿಗೆ ನಗು ತಡೆಯಲಾಗಲಿಲ್ಲ. ಕಲ್ಲೇಶನೂ ನಕ್ಕ. ಬಸಲಿಂಗವ್ವ ಎರಡು ಸಲ ತಲೆಗೆ ನೀರು ಹಾಕಿಕೊಂಡು ಒದ್ದೆ ಕೂದಲಲ್ಲಿ ನಿಂತಿದ್ದಳು. ಯಾಕೆ ಎಂದು ಒಬ್ಬರೂ ಕೇಳಲಿಲ್ಲ.

ನಗು ನಿಂತ ಮೇಲೆ ಕಲ್ಲೇಶ ಹೇಳಿದ, "ಅವ್ವಾ, ನೀನ ಮುಟ್ಟೀದಿ ಅಂದಮ್ಯಾಲೆ ನಾವು ಇನ್ನ ಚಳಿಯಾಗ ಯಾಕ ನಡಗಬೇಕು? ನಾಳಿಂದ ಒಳಗ ಮಾಡೂಣಲ್ಲ?"

ಎರಡು ವರ್ಷದಿಂದ ಇದೇ ಗಳಿಗೆಗೆ ಕಾದಿದ್ದವನ ಹಾಗಿತ್ತು ಅವನ ಮುಖ. ಬಸಲಿಂಗವ್ವ "ಹೂಂ" ಎಂದಳು.

ಮರುದಿನ ಮಯೂರಿ ಅಡುಗೆಮನೆಯಲ್ಲೇ ಸೂಪು ಮಾಡಿದಳು. ವಚನಾ ಮೇಜಿನ ಮುಂದೆ ಕೂತು ಎರಡು ಬಟ್ಟಲು ಕುಡಿದಳು. ಆ ಹೊತ್ತಿಗೆ ಬಸಲಿಂಗವ್ವ ಗ್ಯಾರೇಜಿನಲ್ಲಿ, ಹೊಲಸು ಕಾರಿನ ಪಕ್ಕ, ಆ ಕರೆಂಟಿನ ಒಲೆಯನ್ನು ಮೂರು ಸಲ ಒರೆಸಿ, ತನ್ನ ಹಂಚನ್ನು ಅದರ ಮೇಲಿಟ್ಟು, ತನ್ನೊಬ್ಬಳಿಗೆ ಎರಡು ರೊಟ್ಟಿ ಬಡಿಯುತ್ತಿದ್ದಳು.