ಮಹಾಗಣಪತಿ ಕೊಡದೆ ಉಳಿಸಿಕೊಂಡ ಮಾತು

ಮಹಾಗಣಪತಿ ಮಾಡಿದ್ದು ಸಣ್ಣತನ ಎಂದು ಸಾಗರ ಪೇಟೆಯಲ್ಲಿ ಈಗ ಹೇಳುವವರಿದ್ದಾರೆ. ಹಾಗೆ ಹೇಳುವವರಲ್ಲಿ ಒಬ್ಬರೂ ಆವತ್ತು ಟಾಕೀಸಿನಲ್ಲಿ ಅವನ ಅಮ್ಮನ ಪಕ್ಕ ಕೂತಿರಲಿಲ್ಲ. ನಾನು ಕೂತಿದ್ದೆ. ಆದ್ದರಿಂದ ಎರಡೂ ಕಡೆ ತೂಗಿ ಬರೆಯುವ ಉಮೇದು ನನಗಿಲ್ಲ.

ನಾನು ಮಂಜುನಾಥಪ್ಪ, ಕಸುಬಿನಲ್ಲಿ ದರ್ಜಿ. ನಮ್ಮ ಹವ್ಯಾಸಿ ತಂಡದ ನಾಟಕಗಳಿಗೆ ಇಪ್ಪತ್ತೆಂಟು ವರ್ಷ ಪರದೆಯ ಹಿಂದೆ ನಿಂತು ಮರೆತ ಮಾತು ನೆನಪಿಸಿದವನು. ಹಾಗೆ ನಿಂತವನಿಗೆ ನಟರ ಮುಖ ಕಾಣುವುದಿಲ್ಲ, ದನಿ ಮಾತ್ರ ಕೇಳುತ್ತದೆ. ಮಹಾಗಣಪತಿ ಜೋಗದ ಪವರ್ ಹೌಸಿನಲ್ಲಿ ಕೆಲಸಕ್ಕಿದ್ದ. ಟರ್ಬೈನಿನ ಸದ್ದಿನ ನಡುವೆ ಮಾತಾಡಿ ಮಾತಾಡಿ ಅವನ ದನಿ ಪಳಗಿತ್ತು. ಮೆಲ್ಲಗೆ ಆಡಿದರೂ ಕೊನೆಯ ಸಾಲಿನವನಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಐದಡಿ ಮೂರಿಂಚಿನ ಆಳು, ಮೂವತ್ತಕ್ಕೇ ಬೋಳು ತಲೆ. ರಾಜನ ಪಾತ್ರ ಯಾರೂ ಕೊಡಲಿಲ್ಲ. ಮಂತ್ರಿ, ಮಾವ, ಜವಾನ, ಪುರೋಹಿತ ಎಲ್ಲ ಆದ. ಅವನು ಎರಡು ಮಾತಾಡಿ ಒಳಗೆ ಹೋದ ಮೇಲೆ ರಾಜನಾದವನು ಪೇಚಿಗೆ ಸಿಕ್ಕುತ್ತಿದ್ದ.

ಅವನ ಅಮ್ಮ ಅನ್ನಪೂರ್ಣೇಶ್ವರಿಗೆ ಸಕ್ಕರೆ ಕಾಯಿಲೆಯಿಂದ ಎರಡೂ ಕಣ್ಣು ಹೋಗಿದ್ದವು. ಆದರೂ ಮಗನ ಒಂದು ನಾಟಕವನ್ನೂ ತಪ್ಪಿಸಿದವರಲ್ಲ. ಮುಂದಿನ ಸಾಲಿನಲ್ಲಿ ಕೂತು, ಅವನ ಮೊದಲ ಮಾತು ಕೇಳಿದ ಕೂಡಲೇ ಪಕ್ಕದವರನ್ನು ಮೊಣಕೈಯಿಂದ ತಿವಿಯುತ್ತಿದ್ದರು.

ಇಪ್ಪತ್ತೊಂದು ವರ್ಷದ ಹಿಂದೆ ಶ್ರೀಕರ ಎಂಬ ಸಿನಿಮಾ ನಿರ್ದೇಶಕ ಹೊಸನಗರದಲ್ಲಿ ನಮ್ಮ ನಾಟಕ ನೋಡಿ ಇವನನ್ನು ಕರೆದ. ಶಾನುಭೋಗನ ಪಾತ್ರ, ಐದು ದೃಶ್ಯ, ತೀರ್ಥಹಳ್ಳಿಯಲ್ಲಿ ಚಿತ್ರೀಕರಣ. ಸ್ಟುಡಿಯೋದಲ್ಲಿ ಕೂತು ತುಟಿಗೆ ಸರಿಯಾಗಿ ಮಾತು ಸೇರಿಸುವ ಡಬ್ಬಿಂಗ್ ಕೆಲಸ ಆಮೇಲೆ ಇರುತ್ತದೆ, ಫೋನ್ ಮಾಡುತ್ತೇವೆ ಎಂದರು. ಫೋನ್ ಬರಲಿಲ್ಲ. ಸಿನಿಮಾವೇ ಬಂತು.

ಅಮ್ಮ ಹೊಸ ಸೀರೆ ಉಟ್ಟು ನಮ್ಮಿಬ್ಬರ ನಡುವೆ ಕೂತರು. ತೆರೆಯ ಮೇಲೆ ಮಹಾಗಣಪತಿ ಬಂದ, ಬಾಯಿ ತೆರೆದ, ಯಾರದೋ ದನಿ ಬಂತು. ನಯವಾದ, ಮೂಗಿನಿಂದ ಬರುವ ದನಿ. ಐದು ದೃಶ್ಯವೂ ಹಾಗೇ. ಅಮ್ಮ ಕೊನೆಯವರೆಗೂ ಕಿವಿಗೊಟ್ಟು ಕಾದರು. ಅವರ ಮೊಣಕೈ ಒಮ್ಮೆಯೂ ನನ್ನನ್ನು ತಾಗಲಿಲ್ಲ.

"ಇದ್ರಲ್ಲಿ ನೀ ಇಲ್ಯಲ ತಮಾ," ಎಂದರು.

"ಶಾನುಭೋಗ ಆನೇಯ ಅಮ್ಮಾ, ನಿನ್ನ ಮಗನೇಯ. ದನಿ ಮಾತ್ರ ಬೇರೆಯವ್ರದ್ದು."

"ಪಾತ್ರ ಸಿಕ್ಕದಿದ್ರೆ ಸಿಕ್ಕಿದ್ದಿಲ್ಲೆ ಹೇಳು. ಸುಳ್ಳು ಎಂತಕ್ಕೆ?"

ಅವನು ಬಿಡಿಸಿ ಹೇಳಿದ, ನಾನು ಆಣೆ ಹಾಕಿದೆ. ಒಬ್ಬನ ಬಾಯಿಂದ ಇನ್ನೊಬ್ಬನ ಮಾತು ಬರುತ್ತದೆಂದರೆ ಆ ಹೆಂಗಸು ಹೇಗೆ ನಂಬಬೇಕು? ನಾಲ್ಕು ತಿಂಗಳಿಗೆ ತೀರಿಕೊಂಡರು. ಅದಕ್ಕೆ ವಾರದ ಮುಂಚೆ ನನ್ನ ಕೈ ಹಿಡಿದು, "ಸುಳ್ಳು ಹೇಳಿದ್ದಕ್ಕೆ ನಂಗೆ ಸಿಟ್ಟಿಲ್ಲೆ ಅಂತ ಅವ್ನಿಗೆ ಹೇಳು ಮಂಜಪ್ಪ," ಎಂದಿದ್ದರು. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಮಾಡದ ತಪ್ಪಿಗೆ ಕ್ಷಮಿಸಿ ಹೋದರು. ಉತ್ತರಕ್ರಿಯೆಯ ಬೊಜ್ಜ ಮುಗಿದ ದಿನ ಅವನು ನನ್ನ ಅಂಗಡಿಗೆ ಬಂದು, "ಆ ಶ್ರೀಕರನ್ನ ನಾನು ಬಿಡೂದಿಲ್ಲ," ಎಂದ. ಬಿಡಬೇಡ ಎಂದೆ.

ಅಲ್ಲಿಂದ ಮುಂದೆ ನಲವತ್ತಕ್ಕೂ ಹೆಚ್ಚು ಸಿನಿಮಾ ಮಾಡಿದ, ಧಾರಾವಾಹಿಗಳು ಬೇರೆ. ನ್ಯಾಯಾಧೀಶ, ಪೋಸ್ಟ್ ಮಾಸ್ಟರ್, ಹೆಣ್ಣು ಕೊಡುವ ಅಪ್ಪ. ಕ್ಯಾಮೆರಾದ ಮುಂದೆ ಅವನೊಂದು ಉಪಾಯ ಮಾಡುತ್ತಿದ್ದ. ಎಲೆಯಡಿಕೆಯ ಕವಳ ಬಾಯಿಗೆ ಹಾಕಿಕೊಂಡು, ಅರ್ಧ ಮಾತು ನುಂಗಿ, ಬೇಡದ ಕಡೆ ತಡೆದು, ಒಂದೆರಡು ಮನೆಮಾತು ಸೇರಿಸಿ ಮಾತಾಡುತ್ತಿದ್ದ. ಸ್ಟುಡಿಯೋದಲ್ಲಿ ಬೇರೆ ಯಾರು ತಿಪ್ಪರಲಾಗ ಹಾಕಿದರೂ ಆ ತುಟಿಗೆ ಮಾತು ಕೂರುತ್ತಿರಲಿಲ್ಲ. ಕೊನೆಗೆ ಜೋಗಕ್ಕೇ ಫೋನ್ ಬರುತ್ತಿತ್ತು. ಇವನು ಎರಡು ದಿನ ಕಾಯಿಸಿ ಬಸ್ ಹತ್ತುತ್ತಿದ್ದ. ಕಾಯಿಸುವುದರಲ್ಲಿ ಅವನಿಗೆ ಒಳ್ಳೇ ಖುಷಿ ಇತ್ತು, ಅದನ್ನು ನಾನು ಮುಚ್ಚಿಡುವುದಿಲ್ಲ.

ಹೋದ ವರ್ಷ ಶ್ರೀಕರನ ಮಗಳು ಗಾನವಿ ಫೋನ್ ಮಾಡಿದಳು. ಅಪ್ಪ ತನ್ನ ಕೊನೆಯ ಸಿನಿಮಾದಲ್ಲಿ ತಾನೇ ಮುದಿ ತಂದೆಯ ಪಾತ್ರ ಮಾಡಿದ್ದಾನೆ. ಚಿತ್ರೀಕರಣದಲ್ಲೇ ಗಂಟಲು ಕಟ್ಟಿ ಬರೀ ತುಟಿ ಆಡಿಸಿದ್ದಾನೆ, ಮುಗಿದ ಮೇಲೆ ಗಂಟಲಿನ ಕ್ಯಾನ್ಸರಿಗೆ ಆಪರೇಷನ್ ಆಗಿ ದನಿ ಪೂರ್ತಿ ಹೋಗಿದೆ. ಡಬ್ಬಿಂಗಿಗೆ ಮಹಾಗಣಪತಿಯ ದನಿಯೇ ಬೇಕಂತೆ. ಫೋನ್ ಇಟ್ಟು ಇವನು ಬಹಳ ಹೊತ್ತು ನಕ್ಕ. ಆಮೇಲೆ ಒಪ್ಪಿದ. ಒಪ್ಪಂದದಲ್ಲಿ ಒಂದು ಷರತ್ತು ಬರೆಸಿದ. ಈ ಪಾತ್ರಕ್ಕೆ ಇನ್ನೊಬ್ಬರ ದನಿ ಸೇರಿಸಬಾರದು, ಕಂಪ್ಯೂಟರಿನಲ್ಲಿ ದನಿ ಹುಟ್ಟಿಸಲೂಬಾರದು.

ಬೆಂಗಳೂರಿಗೆ ನಾನೂ ಹೋದೆ. ನಾಲ್ಕು ದಿನ ಅವನು ಕೊಟ್ಟಂಥ ದನಿಯನ್ನು ಇಪ್ಪತ್ತೆಂಟು ವರ್ಷದಲ್ಲಿ ನಾನು ಕೇಳಿರಲಿಲ್ಲ. ಗಾಜಿನ ಆಚೆ ಶ್ರೀಕರ ಕತ್ತಿಗೆ ಬಟ್ಟೆ ಸುತ್ತಿಕೊಂಡು ಕೂತು ಕಣ್ಣೊರೆಸಿಕೊಳ್ಳುತ್ತಿದ್ದ. ಕೊನೆಗೆ ಉಳಿದದ್ದು ಒಂದೇ ಮಾತು. ಸಾಯುವ ಮುದುಕ ಮಗಳನ್ನು ಹೆಸರು ಹಿಡಿದು ಕರೆದು ಹೇಳುವ ಮಾತು. ಪಾತ್ರಕ್ಕೂ ಗಾನವಿ ಎಂದೇ ಹೆಸರಿಟ್ಟಿದ್ದ. ಯಾರಿಗಾಗಿ ಬರೆದದ್ದು ಎಂದು ಕೇಳುವ ಅಗತ್ಯವಿರಲಿಲ್ಲ. ಮಹಾಗಣಪತಿ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ.

"ಇದೊಂದು ನಾನು ಹೇಳೂದಿಲ್ಲ," ಎಂದ.

ಯಾಕೆಂದು ಗಾನವಿ ಕೇಳಿದಳು. ಅವನು ಅಮ್ಮನ ವಿಷಯ ಶುರುವಿನಿಂದ ಕೊನೆಯವರೆಗೆ ಹೇಳಿದ, ಏರುದನಿಯಿಲ್ಲದೆ. ಶ್ರೀಕರ ಎಲ್ಲ ಕೇಳಿಸಿಕೊಂಡು ತನ್ನ ಸ್ಲೇಟಿನಲ್ಲಿ ಏನೋ ಬರೆದು ಗಾಜಿಗೆ ಹಿಡಿದ. 'ಅದು ಯಾವ ಸಿನಿಮಾ?' ಎಂದಿತ್ತು. ನನ್ನ ಮೈ ಉರಿದುಹೋಯಿತು. ಇಪ್ಪತ್ತು ವರ್ಷ ನಾವು ಹೊತ್ತದ್ದರ ನೆನಪೇ ಅವನಿಗಿರಲಿಲ್ಲ. ಮಹಾಗಣಪತಿ ಚೀಲ ಎತ್ತಿಕೊಂಡ.

ಬಿಡುಗಡೆಯ ದಿನ ನಿಗದಿಯಾಗಿತ್ತು, ಷರತ್ತು ಗಟ್ಟಿಯಿತ್ತು. ಸಿನಿಮಾ ಹಾಗೇ ಹೊರಬಂತು. ಆ ಜಾಗದಲ್ಲಿ ಮುದುಕನ ತುಟಿ ಅಲ್ಲಾಡುತ್ತದೆ, ಸದ್ದಿಲ್ಲ. ಪತ್ರಿಕೆಯವರು ಅದನ್ನೇ ಎತ್ತಿ ಹಿಡಿದು, ಇಂಥ ಮೌನವನ್ನು ಹಿರಿಯ ನಿರ್ದೇಶಕನೇ ಯೋಚಿಸಬಲ್ಲ ಎಂದು ಕೊಂಡಾಡಿದರು. ನಾನು ಪತ್ರಿಕೆ ಮುದುರಿ ಎಸೆದೆ. "ಹೊಗಳ್ಲಿ ಮಂಜಣ್ಣ," ಎಂದ ಅವನು, "ಮಗಳಿಗೆ ಗೊತ್ತುಂಟಲ್ಲ."

ಎರಡು ತಿಂಗಳಿಗೆ ಶ್ರೀಕರ ಸತ್ತ. ಮಳೆಗಾಲಕ್ಕೆ ಮುಂಚೆ ಗಾನವಿ ಒಬ್ಬಳೇ ಜೋಗಕ್ಕೆ ಬಂದಳು. ನಾನೂ ಅಲ್ಲೇ ಇದ್ದೆ. ಹುಡುಗಿ ಜಗಳಕ್ಕೆ ಬಂದಿರಲಿಲ್ಲ.

"ಸಿನಿಮಾ ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ ಸರ್," ಎಂದಳು. "ಈಗ ಅಪ್ಪನ್ನ ನೆನೆಸಿಕೊಂಡ್ರೆ ನಿಮ್ಮ ದನಿಯೇ ಕೇಳುತ್ತೆ. ಅವರ ಸ್ವಂತ ದನಿ ಮರೆತೇಹೋಗ್ತಿದೆ. ಆ ಮಾತನ್ನ ಕಾಗದದ ಮೇಲೆ ಓದಿದೀನಿ, ಕೇಳಿಲ್ಲ. ರೆಕಾರ್ಡ್ ಮಾಡಲ್ಲ. ಒಂದೇ ಒಂದು ಸಲ ಹೇಳಿ, ಸಾಕು."

ಹೇಳಿಬಿಡು ಮಾರಾಯ ಎನ್ನುವುದಕ್ಕೆ ಬಾಯಿ ತೆರೆದವನು ನನ್ನ ಲೋಟ ಎತ್ತಿಕೊಂಡೆ. ಮಹಾಗಣಪತಿ ಅವಳ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದ. ಅವಳ ಮುಖವನ್ನೇ ನೋಡಿಕೊಂಡು ಹೇಳಿದ:

"ನನ್ನ ಅಮ್ಮಂಗೂ ಒಂದೇ ಸಲ ಕೇಳಿದ್ರೆ ಸಾಕಾಗಿತ್ತು."