ತವರೂರಿನ ತಾಟು

ಟೀಚರ್‌ಬಾಯಿಯವರ ಎಡಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈಯ ಹತ್ತಿರದವರೆಗೂ ಹಸಿರು ಗಾಜಿನ ಬಳೆ. ಬಲಗೈ ಪೂರಾ ಬೋಳು. ಮೊದಲ ಸಲ ನೋಡಿದವರು ಗಲಿಬಿಲಿಗೊಂಡು, ಗಂಡ ಇದ್ದಾನೋ ಇಲ್ಲವೋ ಎಂದು ಕೇಳಲೂ ಆಗದೆ ಒದ್ದಾಡುತ್ತಿದ್ದರು. ಗಂಡ ಇದ್ದ. ವಾಡಿ ಜಂಕ್ಷನ್ನಿನಲ್ಲಿ ರೈಲ್ವೆ ಕೆಲಸ ಮಾಡಿಕೊಂಡು ಗಟ್ಟಿಮುಟ್ಟಾಗಿಯೇ ಇದ್ದ. ಆದದ್ದು ಇಷ್ಟೇ: ಅಂಗನವಾಡಿಯ ದೊಡ್ಡ ಪಾತ್ರೆಯಿಂದ ಸಾರು ಬಡಿಸುವಾಗ ಒಮ್ಮೆ ಬಲಗೈ ಬಳೆ ಒಡೆದು ಚೂರು ಸಾರಿನೊಳಗೆ ಬಿದ್ದಿತ್ತು. ಅಷ್ಟೂ ಸಾರು ಚೆಲ್ಲಿ, ಮತ್ತೆ ಬೇಳೆ ಬೇಯಿಸಿ ಬಡಿಸಿ, ಅವತ್ತೇ ಬಲಗೈ ಬಳೆಗಳನ್ನೆಲ್ಲ ಬಿಚ್ಚಿಟ್ಟರಂತೆ. ಓಣಿಯ ಮುದುಕಿಯರು ಇದು ಅಪಶಕುನ ಎಂದಾಗ ಅವರು ಕೊಟ್ಟ ಉತ್ತರ ಊರಿಗೆಲ್ಲ ಬಾಯಿಪಾಠವಾಗಿತ್ತು.

"ಎಡಗೈ ನನ್ನ ಗಂಡಂದು, ಬಲಗೈ ಸರ್ಕಾರದ್ದು. ಇಬ್ರಿಗೂ ಒಂದೇ ಕೈ ಕೊಡ್ಲಿಕ್ಕ ಆಗಂಗಿಲ್ಲ."

ನನ್ನ ತವರು ವಾಡಿಯ ಹತ್ತಿರದ ಒಂದು ಹಳ್ಳಿ. ಬೆಳಗ್ಗೆ ಒಗೆದು ಹಾಕಿದ ಬಟ್ಟೆಯ ಮೇಲೆ ಮಧ್ಯಾಹ್ನದೊಳಗೆ ಸಿಮೆಂಟ್ ಕಾರ್ಖಾನೆಯ ಬೂದು ಧೂಳು ಕುಳಿತಿರುತ್ತದೆ. ಅಂಗನವಾಡಿ ಎಂದರೆ ಶಹಾಬಾದ್ ಪರಸಿಕಲ್ಲು ಹಾಸಿದ ಒಂದೇ ಕೋಣೆ, ಅದರ ಪಕ್ಕಕ್ಕೆ ಒರಗಿಸಿದಂಥ ಅಡುಗೆಮನೆ. ಅಲ್ಲಿ ಟೀಚರ್‌ಬಾಯಿಯ ರಾಜ್ಯ. ಅವರು ಬಡಪಾಯಿಯೂ ಅಲ್ಲ, ಮೆತ್ತಗಿನವರೂ ಅಲ್ಲ. ಮುಖಕ್ಕೆ ದಪ್ಪಗೆ ಪೌಡರ್, ತಲೆಗೆ ಘಮಘಮಿಸುವ ಎಣ್ಣೆ, ಬಾಯಿ ತೆಗೆದರೆ ಸ್ಟೇಷನ್ನಿನ ಮೈಕು ನಾಚಬೇಕು. ಮೇಲಿನಿಂದ ಬರುವ ಸುತ್ತೋಲೆಗಳನ್ನು ಅರ್ಧ ಓದಿ "ಉಳಿದದ್ದು ಆಯಾ ಓದ್ತಾಳ" ಎಂದು ಓದು ಬಾರದ ಆಯಾಳ ಕಡೆ ಎಸೆಯುತ್ತಿದ್ದರು. ಇಬ್ಬರೂ ನಗುತ್ತಿದ್ದರು.

ಒಂದು ವಿಷಯದಲ್ಲಿ ಮಾತ್ರ ನಗುವಿರಲಿಲ್ಲ. ಬಸುರಿ ಬಾಣಂತಿಯರ ಮುಂದೆ ಬಿಸಿ ಊಟ, ಮೊಟ್ಟೆ, ಹಾಲು ಇಟ್ಟ ಮೇಲೆ ಅವರು ಉಂಡು ಮುಗಿಸುವ ತನಕ ಟೀಚರ್‌ಬಾಯಿ ಎದುರಿನಿಂದ ಕದಲುತ್ತಿರಲಿಲ್ಲ. ನಮ್ಮ ಹೆಣ್ಣುಮಕ್ಕಳ ಚಾಳಿ ಅವರಿಗೆ ಗೊತ್ತಿತ್ತು. ಮೊಟ್ಟೆ ಸೆರಗಿನೊಳಗೆ ಸೇರಿಸಿ ಮನೆಗೆ ಒಯ್ದು ಗಂಡನಿಗೋ ಮೈದುನನಿಗೋ ಕೊಡುವುದು ನಮ್ಮಲ್ಲಿ ದೊಡ್ಡ ಗುಣ. "ಸೆರಗು ಝಾಡಿಸು" ಎನ್ನುತ್ತಿದ್ದರು, ಪೊಲೀಸರ ಗತ್ತಿನಲ್ಲಿ. ಮೊಟ್ಟೆ ಉರುಳಿ ಹೊರಗೆ ಬೀಳುತ್ತಿತ್ತು.

ನನ್ನನ್ನು ಚಿಂಚೋಳಿ ಕಡೆಯ ಹಳ್ಳಿಗೆ ಕೊಟ್ಟಿದ್ದರು. ಅಲ್ಲಿಯೇ ಏಳನೇ ತಿಂಗಳಲ್ಲಿ ಕುಬಸ ಮಾಡಿ, ಉಡಿ ತುಂಬಿ, ಚೊಚ್ಚಲ ಹೆರಿಗೆಗೆಂದು ತವರಿಗೆ ಕಳಿಸಿದರು. ಅಪ್ಪ ಇರಲಿಲ್ಲ, ಅವ್ವ ಕೂಲಿಗೆ ಹೋಗುತ್ತಿದ್ದಳು. ನನಗೆ ರಕ್ತ ಕಡಿಮೆ. ನಾಲಗೆ ಬಿಳಿ ಬಿಳಿ, ನಾಲ್ಕು ಹೆಜ್ಜೆ ನಡೆದರೆ ಕಣ್ಣು ಕತ್ತಲೆ. ಹೊಟ್ಟೆಯಲ್ಲಿನ ಕೂಸು ಬೆಳೆದಿಲ್ಲ, ಹೀಗೇ ಆದರೆ ಉಳಿಯುವುದು ಕಷ್ಟ ಎಂದು ಆಸ್ಪತ್ರೆಯ ನರ್ಸ್ ಮುಖಕ್ಕೆ ಹೊಡೆದಂತೆ ಹೇಳಿದ್ದಳು. ಮನೆಯಲ್ಲಿ ರೊಟ್ಟಿಯಿತ್ತು, ಖಾರವಿತ್ತು. ಮೊಟ್ಟೆ, ಹಾಲು ಇರಲಿಲ್ಲ. ನಾನು ಅಂಗನವಾಡಿಗೆ ಹೋದೆ.

ಮೊದಲ ದಿನ ನನ್ನನ್ನು ಬಾಗಿಲಿನಿಂದ ವಾಪಸು ಕಳಿಸಿದವರೂ ಇದೇ ಟೀಚರ್‌ಬಾಯಿ.

"ನಿನ್ನ ಹೆಸರು ನಿನ್ನ ಗಂಡನ ಊರಾಗ ಅದ ತಂಗಿ. ಹೆಸರು ಇದ್ದಲ್ಲೇ ಊಟ ಅಂತ ರೂಲ್ಸ್ ಬಂದದ. ನಾ ಏನ್ ಮಾಡ್ಲಿ?"

ಆಗ ನಮ್ಮ ಕಡೆಗೆ ಬಂದಿದ್ದ ನಿಯಮ ಹಾಗೇ ಇತ್ತು. ಬರೆದವರಿಗೆ ಮದುವೆಯಾದ ಹೆಣ್ಣಿನ ವಿಳಾಸ ಒಂದೇ ಎಂದು ಯಾರು ಹೇಳಿದ್ದರೋ ಕಾಣೆ. ಹೊಟ್ಟೆ ಮುಂದೆ ಬಂದ ಹೆಣ್ಣು ನಮ್ಮ ಸೀಮೆಯಲ್ಲಿ ಗಂಡನ ಮನೆಯಲ್ಲಿ ಇರುತ್ತಾಳೆಯೇ? ಊಟ ಬೇಕೇ ಬೇಕು ಎನ್ನುವ ತಿಂಗಳುಗಳಲ್ಲೇ ಅವಳು ತವರಿನಲ್ಲಿರುತ್ತಾಳೆ, ಅವಳ ಪಾಲಿನ ಮೊಟ್ಟೆ ಚಿಂಚೋಳಿಯಲ್ಲಿರುತ್ತದೆ. ಸೇಡಂ ಮೇಲೆ ಬಸ್ಸು ಬದಲಿಸಿ ಅರ್ಧ ದಿನ ಕುಲುಕಾಡಿಕೊಂಡು ಹೋಗಿ ಒಂದು ಮೊಟ್ಟೆ ತಿಂದು ಬರಬೇಕಿತ್ತೇ ನಾನು? ಇದನ್ನೆಲ್ಲ ಅವತ್ತು ಕೇಳುವ ಧೈರ್ಯ ಇರಲಿಲ್ಲ. ಬಿ.ಎ. ಓದಿದ್ದರೂ ಬಾಯಿ ಬಂದಿರಲಿಲ್ಲ. ಹೊಸ್ತಿಲ ಮೇಲೆ ಸ್ವಲ್ಪ ಹೊತ್ತು ನಿಂತು ಮನೆಗೆ ಬಂದು ಅತ್ತೆ.

ಮರುದಿನ ಮಧ್ಯಾಹ್ನ ಅವರೇ ಮನೆಗೆ ಬಂದರು. ಒಳಗೆ ಬಾ ಅನ್ನುವುದಕ್ಕೂ ಕಾಯದೆ ನನ್ನ ರಟ್ಟೆ ಹಿಡಿದು ಎಬ್ಬಿಸಿದರು.

"ನಿನ್ನೆ ನಿನ್ನ ಮಾರಿ ನೋಡಿದ್ ಮ್ಯಾಲ ನನಗ ರೊಟ್ಟಿ ಗಂಟಲದಾಗ ಇಳೀಲಿಲ್ಲ. ನಡಿ."

"ರೂಲ್ಸ್ ಅಂದ್ರಲ್ಲ ಟೀಚರ್?" ಎಂದೆ. ನನಗೂ ಸಿಟ್ಟಿತ್ತು.

"ರೂಲ್ಸ್ ಏನ್ ಬಸಿರಾಗ್ಯಾದೇನು? ಮೊದಲ ತಾಟ. ಆಮ್ಯಾಲ ಮಾತು."

ಅವತ್ತಿನಿಂದ ನಾನು ದಿನಾ ಉಂಡೆ. ಶಹಾಬಾದಿಗೆ ಮದುವೆಯಾಗಿ ಹೆರಿಗೆಗೆ ಬಂದಿದ್ದ ದರ್ಜಿ ಚಾಚಾನ ಮಗಳೂ ಉಂಡಳು. ಟೀಚರ್‌ಬಾಯಿ ಇದನ್ನು ಮುಚ್ಚಿಡಲಿಲ್ಲ. ನಮ್ಮಿಬ್ಬರ ಊಟಕ್ಕೆ ತೊಗರಿಬೇಳೆ, ಮೊಟ್ಟೆ ತಮ್ಮ ಮನೆಯಿಂದ ತರುತ್ತಿದ್ದರು. ಆದರೆ ಕೂಡಿಸುತ್ತಿದ್ದುದು ಎಲ್ಲರ ಸಾಲಿನ ನಟ್ಟನಡುವೆ. ಮೂಲೆಯಲ್ಲಿ ಕೂಡುತ್ತೇವೆ ಎಂದರೆ ಬೈಗುಳ. "ಕಳವು ಮಾಡೀನೇನು ನಾನು? ನಟ್ಟನಡಕ ಕುಂದ್ರು" ಎನ್ನುತ್ತಿದ್ದರು. ತಪಾಸಣೆಗೆ ಬಂದವರಿಗೆ ತಾವೇ ಮುಂದಾಗಿ ನಮ್ಮನ್ನು ತೋರಿಸುತ್ತಿದ್ದರು: "ಇವರಿಬ್ರೂ ನಿಮ್ಮ ರೂಲ್ಸಿನ ಹೊರಗಿನವರು ನೋಡ್ರಿ. ಭಾಳ ಚಂದ ಉಣ್ತಾರ." ನೋಟಿಸು ಬಂತು. ಅದನ್ನು ಮಡಿಸಿ ಬಿಸಿ ಪಾತ್ರೆಯ ಕೆಳಗೆ ಇಟ್ಟರು. ಪರಸಿಗೆ ಮಸಿ ಹತ್ತಬಾರದಲ್ಲ.

ಒಂದು ದಿನ ಅಂಗನವಾಡಿಯಲ್ಲೇ ಕುಬಸದ ಕಾರ್ಯಕ್ರಮ. ಇಲಾಖೆಯೇ ಬಸುರಿಯರನ್ನು ಸಾಲಾಗಿ ಕೂಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬುತ್ತದೆ. ಫೋಟೋ ತೆಗೆದು ಮೇಲೆ ಕಳಿಸುತ್ತಾರೆ. ಚಿತ್ತಾಪುರದಿಂದ ಅಧಿಕಾರಿ ಮೇಡಂ ಬಂದಿದ್ದರು. ಟೀಚರ್‌ಬಾಯಿ ನಮ್ಮಿಬ್ಬರನ್ನೂ ಸಾಲಿನಲ್ಲಿ ಕೂಡಿಸಿದರು. ಮೇಡಂ ಪ್ರೀತಿಯಿಂದಲೇ ನನ್ನ ಉಡಿಗೆ ಅಕ್ಕಿ, ಉತ್ತತ್ತಿ, ಕೊಬ್ಬರಿ ಹಾಕಿ, "ಆರಾಮ್ ತವರಿಗೆ ಹೋಗಿ ಬಾಮ್ಮಾ" ಎಂದರು. ನಾನು ಆಗಲೇ ತವರಿನಲ್ಲಿದ್ದೇನೆಂದು ಅವರಿಗೆ ಗೊತ್ತಿರಲಿಲ್ಲ. ಫೋಟೋ ಆಯಿತು. ತಾಟು ಬಂದಾಗ ಅವರ ಜೊತೆ ಬಂದಿದ್ದ ಗುಮಾಸ್ತ ಮೊಬೈಲು ನೋಡಿ, "ಈಕೀ ಹೆಸರು ಇಲ್ಲಿಲ್ಲ ಮೇಡಂ. ಈಕೀಗಿ ಊಟ ಹಾಕಂಗಿಲ್ಲ" ಎಂದ.

ನಾನು ಏಳಲು ನೋಡಿದೆ. ಬಳೆಯಿಲ್ಲದ ಬಲಗೈ ನನ್ನ ಹೆಗಲನ್ನು ಒತ್ತಿ ಕೂಡಿಸಿತು.

"ಮೇಡಂ, ಒಂದ್ ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ" ಎಂದು ಟೀಚರ್‌ಬಾಯಿ ಶುರು ಮಾಡಿದರು. ಸಿಟ್ಟಿಗೇಳಬೇಡಿ ಎನ್ನುವಾಗ ಅವರ ದನಿಯೇ ಹೊರಗಿನ ರಸ್ತೆಗೆ ಕೇಳಿಸುತ್ತಿತ್ತು. "ಉಡಿ ತುಂಬಿ ತವರಿಗಿ ಹೋಗು ಅನ್ನೋರೂ ನೀವೇ. ತವರಿಗಿ ಹೋದ್ಳಂತ ತಾಟ ಕಸಗೊಳ್ಳೋರೂ ನೀವೇ. ಹಂಗಾದ್ರ ಕುಬಸ ಯಾಕ ಮಾಡ್ತೀರಿ? ಫೋಟೋಕ್ಕೇನು?"

ಗುಮಾಸ್ತ ಏನೋ ಹೇಳಲು ಬಾಯಿ ತೆಗೆದ. ಟೀಚರ್‌ಬಾಯಿ ಅವನ ಕಡೆ ನೋಡದೆಯೇ ನನ್ನ ತಾಟಿಗೆ ಅನ್ನ, ಸಾರು, ಮೊಟ್ಟೆ ಹಾಕಿ, "ಉಣ್ಣು" ಎಂದರು. ಅಷ್ಟು ಜನರ ಮುಂದೆ, ಅಧಿಕಾರಿಯ ಎದುರು, ನಾನು ಉಂಡೆ. ಆ ಮೊಟ್ಟೆಯ ರುಚಿ ಇಂದಿಗೂ ನಾಲಗೆಯ ಮೇಲಿದೆ. ಅದರಲ್ಲಿ ಉಪ್ಪು ಜಾಸ್ತಿಯಿತ್ತು, ಬಹುಶಃ ನನ್ನ ಕಣ್ಣೀರಿನದೇ.

ಮೇಡಂ ಕೆಟ್ಟವರಾಗಿರಲಿಲ್ಲ. ಹೊರಡುವಾಗ ತಗ್ಗಿದ ದನಿಯಲ್ಲಿ, "ನೀವು ಹೇಳೋದು ಖರೇ ಅದ. ಮ್ಯಾಲ ಹೇಳ್ತೀನಿ. ಆದ್ರ ನಿಯಮ ನನ್ನ ಕೈಯಾಗಿಲ್ಲ" ಎಂದರು.

"ಸೌಟು ನನ್ನ ಕೈಯಾಗ ಅದ ಬಿಡ್ರಿ" ಎಂದರು ಟೀಚರ್‌ಬಾಯಿ.

ಮಗಳು ಹುಟ್ಟಿದಳು. ಸಣ್ಣ ಕೂಸು, ಬೆಕ್ಕಿನ ಮರಿಯಷ್ಟು, ಆದರೆ ಜೋರಾಗಿ ಅತ್ತಳು. ಬಾಣಂತಿ ಹೊರಗೆ ಹೋಗುವ ಹಾಗಿಲ್ಲವೆಂದು ಟೀಚರ್‌ಬಾಯಿ ಡಬ್ಬಿ ಹಿಡಿದು ತಾವೇ ಬರುತ್ತಿದ್ದರು. ನಾನು ಉಣ್ಣುವಾಗ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, "ನಿಮ್ಮವ್ವ ಭಾಳ ಅಂಜುಬುರುಕಿ, ನೀ ಹಂಗಾಗಬ್ಯಾಡ" ಎಂದು ಅದಕ್ಕೆ ಚಾಡಿ ಹೇಳುತ್ತಿದ್ದರು. ಒಂದು ದಿನ ಕುಣಿಯುತ್ತಾ ಬಂದರು. ನಿಯಮ ತಿದ್ದಿದ್ದಾರೆ, ಇನ್ನು ಮೇಲೆ ತವರಿನಲ್ಲೂ ಊಟ ಎಂದು. ಅವ್ವ ಸಕ್ಕರೆ ತಂದು ಅವರ ಬಾಯಿಗೆ ಹಾಕಿದಳು. ಮರುದಿನ ಅದೇ ಟೀಚರ್‌ಬಾಯಿ ಮುಖ ಕೆಂಪಗೆ ಮಾಡಿಕೊಂಡು ಬಂದರು. ಎಂದಿನ ಹಾಗೆ ಸುತ್ತೋಲೆಯ ಅರ್ಧವನ್ನಷ್ಟೇ ಓದಿದ್ದರು. ಉಳಿದರ್ಧದಲ್ಲಿ ಹೇಳಿತ್ತು: ತವರು ಅದೇ ತಾಲೂಕಿನಲ್ಲಿದ್ದರೆ ಮಾತ್ರ.

"ಹೆಣ್ಣು ಕೊಡಾಗ ಯಾರರೆ ತಾಲೂಕಾ ನೋಡ್ತಾರೇನು? ಕುಲ ನೋಡ್ತಾರ, ಹೊಲ ನೋಡ್ತಾರ, ಹುಡುಗನ ಹಲ್ಲು ನೋಡ್ತಾರ!" ಎಂದು ನಮ್ಮ ಅಂಗಳದಲ್ಲಿ ನಿಂತು ಇಡೀ ಸರ್ಕಾರಕ್ಕೆ ಬೈದರು. ನನ್ನದು ಚಿಂಚೋಳಿ, ತವರು ಚಿತ್ತಾಪುರ ತಾಲೂಕು. ತಪ್ಪು ತಿದ್ದಿದವರು ಇನ್ನೊಂದು ತಪ್ಪು ಮಾಡಿ ನನ್ನನ್ನೂ ನನ್ನ ಕೂಸನ್ನೂ ಮತ್ತೆ ಹೊರಗಿಟ್ಟಿದ್ದರು. ನನಗೆ ಎದೆಹಾಲು ಆಗಷ್ಟೇ ನೆಟ್ಟಗೆ ಬರತೊಡಗಿತ್ತು. ಹೋಗಲಿ ಬಿಡಿ ಟೀಚರ್, ನಿಮ್ಮ ಕೆಲಸಕ್ಕೆ ಕುತ್ತು ಬೇಡ ಎಂದೆ. ಅವರು ನನ್ನನ್ನು ನೋಡಿದ ರೀತಿಗೆ ಮತ್ತೆ ಆ ಮಾತು ಎತ್ತಲಿಲ್ಲ.

ಚಿತ್ತಾಪುರದಲ್ಲಿ ನಡೆದ ಮುಂದಿನ ಸಭೆಯ ಕಥೆಯನ್ನು ಅವರ ಬಾಯಿಂದಲೂ ಕೇಳಿದ್ದೇನೆ, ಆಯಾಳ ಬಾಯಿಂದಲೂ. ಟೀಚರ್‌ಬಾಯಿ ಹೇಳುವಾಗ ಉಪ್ಪುಖಾರ ಹೆಚ್ಚು, ಹಾಗಾಗಿ ಆಯಾ ಹೇಳಿದ್ದನ್ನೇ ಬರೆಯುತ್ತೇನೆ. ಸುತ್ತಲಿನ ಊರುಗಳ ಅಂಗನವಾಡಿ ಟೀಚರುಗಳೆಲ್ಲ ಸೇರಿದ್ದರು. ಮೇಡಂ ಹೊಸ ನಿಯಮ ಓದಿ, ಏನಾದರೂ ಸಂಶಯವಿದೆಯೇ ಎಂದರು. ಟೀಚರ್‌ಬಾಯಿ ಎದ್ದು ಸಭೆಯ ಕಡೆ ತಿರುಗಿದರು.

"ಯಾರ ತವರು ಬ್ಯಾರೆ ತಾಲೂಕಿನಾಗ ಅದ, ಅವರು ಎದ್ದು ನಿಂದರ್ರಿ."

ಒಬ್ಬರು ಎದ್ದರು. ನಾಲವಾರದ ಕಡೆಯ ಇನ್ನೊಬ್ಬರು ಎದ್ದರು. ಆಮೇಲೆ ಕುರ್ಚಿಗಳ ಸಪ್ಪಳವೇ ಸಪ್ಪಳ. ಸೇಡಂ, ಚಿಂಚೋಳಿ, ಗಡಿಯಾಚೆಯ ತೆಲುಗು ಊರುಗಳು ಎಂದು ಹೇಳಿಕೊಳ್ಳುತ್ತಾ ಇಡೀ ಕೋಣೆ ಎದ್ದು ನಿಂತಿತು. ಟೀಚರ್‌ಬಾಯಿ ವೇದಿಕೆಯ ಕಡೆ ನೋಡಿ, "ಮೇಡಂ, ನಿಮ್ಮ ಬಾಣಂತನ ಎಲ್ಲಿ ಆಯ್ತರಿ?" ಎಂದು ಕೇಳಿದರಂತೆ. ಮೇಡಂ ಕೈಯಲ್ಲಿದ್ದ ಸುತ್ತೋಲೆಯನ್ನು ಮೇಜಿನ ಮೇಲಿಟ್ಟು, ತಾವೂ ಎದ್ದು ನಿಂತರಂತೆ.

ತಾಲೂಕಿನ ಗಡಿ ನಿಯಮದಿಂದ ಹೋಯಿತು, ಆದರೆ ಸರ್ಕಾರದ ನಡಿಗೆಯಲ್ಲಿ. ಆದೇಶ ಬರುವಷ್ಟರಲ್ಲಿ ನನ್ನ ಮಗಳಿಗೆ ಹಲ್ಲು ಮೂಡಿದ್ದವು. ಅಲ್ಲಿಯ ತನಕ ನಾವಿಬ್ಬರೂ ಬದುಕಿದ್ದು ಟೀಚರ್‌ಬಾಯಿಯ ಮನೆಯ ತೊಗರಿಬೇಳೆಯಿಂದ. ಇದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಗಂಡನ ಮನೆಗೆ ಹೊರಡುವ ದಿನ ಕಾಲಿಗೆ ಬಿದ್ದರೆ ಎತ್ತಿ, "ಕಾಲಿಗಿ ಬೀಳೋದ್ ಕಲೀಬ್ಯಾಡ, ಬಾಯಿ ಮಾಡೋದ್ ಕಲಿ" ಎಂದು ಗದರಿಸಿ ಕಳಿಸಿದರು.

ಹೋದ ವರ್ಷ ಅವರು ತೀರಿಕೊಂಡರು. ನಿವೃತ್ತಿಯಾಗಿ ಹೆಚ್ಚು ದಿನವಾಗಿರಲಿಲ್ಲ. ಬೆಳಗ್ಗೆ ಚಹಾ ಕುಡಿಯುತ್ತಾ ಕುಳಿತವರು ಹಾಗೇ ವಾಲಿದರಂತೆ, ರಕ್ತದೊತ್ತಡ. ಮಗಳನ್ನು ಕರೆದುಕೊಂಡು ಓಡಿದೆ. ಮುತ್ತೈದೆ ಸಾವು ಎಂದು ಎರಡೂ ಕೈ ತುಂಬ ಹಸಿರು ಬಳೆ ತೊಡಿಸಿ ಮಲಗಿಸಿದ್ದರು. ಆ ಬಲಗೈ ನೋಡಿ ನನಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು. ಅದು ಅವರ ಕೈಯೇ ಆಗಿರಲಿಲ್ಲ. ಬಿಚ್ಚಿಬಿಡಿ ಎನ್ನಬೇಕೆಂದು ಬಾಯಿಯವರೆಗೆ ಬಂದಿದ್ದ ಮಾತು, ಅವರ ಗಂಡ ಗೋಡೆಗೆ ಮುಖ ಮಾಡಿ ಅಳುತ್ತಿದ್ದುದನ್ನು ಕಂಡು ನಿಂತುಹೋಯಿತು.

ಹೋದ ತಿಂಗಳು ನನ್ನ ನಾದಿನಿ ಹೆರಿಗೆಗೆಂದು ನಮ್ಮ ಮನೆಗೆ ಬಂದಳು. ನನ್ನ ಗಂಡನ ಮನೆ ಅವಳಿಗೆ ತವರು. ಅವಳನ್ನು ಮಳಖೇಡದ ಕಡೆ ಕೊಟ್ಟಿದೆ. ನಮ್ಮ ಊರಿನ ಅಂಗನವಾಡಿಗೆ ಕರೆದುಕೊಂಡು ಹೋದೆ. ಅಲ್ಲಿನ ಹೊಸ ಟೀಚರ್ ಒಳ್ಳೆಯ ಹುಡುಗಿ. ಮೊಬೈಲನ್ನು ಮೇಲೆ ಕೆಳಗೆ ಉಜ್ಜಿ ನೋಡಿ, "ಇವರ ಹೆಸರು ಸೇಡಂ ಕಡೀದು ಅಕ್ಕ. ಇದ್ರಾಗ ತಗೋಳ್ಳಿಕತ್ತಿಲ್ಲ. ಹಾಕಂಗಿಲ್ಲ" ಎಂದಳು.

"ನಿಯಮ ತಿದ್ಯಾರ" ಎಂದೆ.

"ಇರಬಹುದು ಅಕ್ಕ. ಈ ಮೊಬೈಲ್ ತಗೋಬೇಕಲ್ಲ."

ನಾದಿನಿ ನನ್ನ ಸೆರಗು ಜಗ್ಗಿದಳು. "ನಡಿ ವೈನಿ, ಹೋಗೂಣು. ಎಲ್ಲರೂ ನೋಡ್ಲಿಕತ್ತಾರ" ಎಂದು ಪಿಸುಗುಟ್ಟಿದಳು. ಅವಳ ಮುಖ ನೋಡಿದೆ. ನಾನು ಹೊಸ್ತಿಲ ಮೇಲೆ ನಿಂತ ದಿನ ನನ್ನ ಮುಖ ಹೇಗಿದ್ದಿರಬೇಕು ಎಂದು ಅವತ್ತು ಗೊತ್ತಾಯಿತು.

ಅವಳ ಕೈ ಹಿಡಿದು ಸಾಲಿನ ನಟ್ಟನಡುವೆ ಕೂಡಿಸಿದೆ. ಬದಿಗಿದ್ದ ತಾಟುಗಳಿಂದ ಒಂದನ್ನು ಎಳೆದು ಅವಳ ಮುಂದಿಟ್ಟು, ಎದುರಿಗೇ ಪರಸಿಯ ಮೇಲೆ ಕುಳಿತೆ.

"ಮೊದಲ ತಾಟ. ಆಮ್ಯಾಲ ಮಾತು" ಎಂದೆ. ನನ್ನ ದನಿ ರಸ್ತೆಗೆ ಕೇಳಿಸಿರಬೇಕು. ಹೋಗುತ್ತಿದ್ದವರು ಇಬ್ಬರು ತಿರುಗಿ ನೋಡಿದರು.

ಆ ಹುಡುಗಿ ನನ್ನನ್ನೊಮ್ಮೆ, ಮೊಬೈಲನ್ನೊಮ್ಮೆ ನೋಡಿದಳು. ಮೊಬೈಲನ್ನು ಕಿಟಕಿಯಲ್ಲಿಟ್ಟು ಸೌಟು ತೆಗೆದುಕೊಂಡಳು. ನಾದಿನಿ ಕೊನೆಯ ತುತ್ತು ಉಣ್ಣುವ ತನಕ ನಾನು ಎದುರಿನಿಂದ ಕದಲಲಿಲ್ಲ. ಎದ್ದ ಮೇಲೆ ಅವಳ ಸೆರಗು ಝಾಡಿಸಿಯೂ ನೋಡಿದೆ.

ಮರುದಿನ ಮತ್ತೆ ಹೋದೆವು.